ಫ್ಯಾನುಗಳ ನಾಡಿ ನೋಡುವ ನಮ್ಮ ಮಾಮಾ

ನಮ್ಮ ಮಾಮಾ ಜೀವನದಲ್ಲಿ ಒಮ್ಮೆಯೂ ತಪ್ಪು ಮಾಡಿದವನಲ್ಲ. ದಯವಿಟ್ಟು ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ಇದು ಆರೋಪ! ತಪ್ಪು ಮಾಡಿದರೂ ಯಾರ ಕೈಗೂ ಸಿಗದಂಥ ಉದ್ಯೋಗವೊಂದನ್ನು ಹುಡುಕಿ ಹಿಡಿದ ಚಾಲಾಕಿ ಅವನು. ನಾನಾದರೋ ಹೈಸ್ಕೂಲಿನಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಎದುರಿನವರ ಮಾತಿನಲ್ಲಿ ಒಂದಾದರೂ ಬಿರುಕು ಕಾಣದಿದ್ದರೆ ಆ ದಿನ ನನಗೆ ರೊಟ್ಟಿ ಇಳಿಯುವುದಿಲ್ಲ. ಅಂಥ ನಾನು ಮಾಮಾನ ಮುಂದೆ ಎಷ್ಟು ವರ್ಷ ಉಪವಾಸ ಬಿದ್ದಿದ್ದೇನೆ ಗೊತ್ತೆ?

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಅಣ್ಣಿಗೇರಿಯಲ್ಲಿ ನಮ್ಮ ಮನೆಯಲ್ಲೇ ಇರುತ್ತಾನೆ. ಊರಿನಾಚೆ ಎರೆಹೊಲಗಳ ನಡುವೆ ಎತ್ತರದ ಕಂಬಗಳ ಮೇಲೆ ಮೂರು ಮೂರು ರೆಕ್ಕೆ ತಿರುಗಿಸುತ್ತ ನಿಂತ ಗಾಳಿಯಂತ್ರಗಳನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ನಮ್ಮ ಕಡೆ ಅವಕ್ಕೆ ಫ್ಯಾನು ಎಂದೇ ಹೆಸರು. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟು ಕೊಡುತ್ತದೆ. ಅಷ್ಟೇ ವ್ಯತ್ಯಾಸ! ಆ ಫ್ಯಾನುಗಳ ಹೊಟ್ಟೆಯೊಳಗೆ ಅಲ್ಲಲ್ಲಿ ಬೆರಳಿನಷ್ಟು ಉಪಕರಣ ಕೂರಿಸಿರುತ್ತಾರೆ. ಒಳಗಿನ ನಡುಕವನ್ನೆಲ್ಲ ಅವು ಹಿಡಿದು ಕಳಿಸಿದರೆ, ಮಾಮಾನ ಕೋಣೆಯ ಪರದೆಯ ಮೇಲೆ ಅದು ಗೆರೆಯಾಗಿ ಮೂಡುತ್ತದೆ. ಮಾಮಾ ಇಡೀ ದಿನ ಆ ಗೆರೆಗಳನ್ನು ನೋಡುತ್ತ ಕೂರುತ್ತಾನೆ. ಗೆರೆ ತಣ್ಣಗಿದ್ದರೆ ಚಹಾ ಕುಡಿಯುತ್ತಾನೆ. ಎಲ್ಲೋ ಒಂದು ಸಣ್ಣ ಗುಡ್ಡ ಎದ್ದಿತೋ, ಚಹಾ ಬಿಟ್ಟು ಎದ್ದು ನಿಲ್ಲುತ್ತಾನೆ.

"ಏಳನೇ ಫ್ಯಾನಿನ ಬೇರಿಂಗ್ ಬಾಳ ದಿನಾ ಬಾಳೂದಿಲ್ಲ. ನಿಲ್ಲಸ್ರಿ, ಬದಲಿ ಮಾಡ್ರಿ."

ನಿಲ್ಲಿಸುತ್ತಾರೆ, ಬದಲಿಸುತ್ತಾರೆ. ಫ್ಯಾನು ಮತ್ತೆ ತಿರುಗುತ್ತದೆ. ಏನೂ ಮುರಿಯುವುದಿಲ್ಲ. ಈಗ ನೀವೇ ಹೇಳಿ, ಬದಲಿಸದೆ ಬಿಟ್ಟಿದ್ದರೆ ಅದು ಮುರಿಯುತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ? ಮುರಿದರೆ "ನಾ ಹೇಳಿದ್ದೆ". ಮುರಿಯದಿದ್ದರೆ "ನಾ ಹೇಳಿದ್ದಕ್ಕ ಉಳೀತು". ಗಿಣಿ ಶಾಸ್ತ್ರದವನಿಗೂ ಇಷ್ಟು ಸೌಲಭ್ಯವಿಲ್ಲವಲ್ಲ!

ಒಮ್ಮೆ ಹೀಗೆ ತೆಗೆದ ಹಳೆಯ ಬೇರಿಂಗೊಂದನ್ನು ಮನೆಗೇ ಹೊತ್ತು ತಂದು ನನ್ನ ಮುಂದೆ ಇಟ್ಟ.

"ನೋಡಲೇ ವಕೀಲಿ, ಗೀರು ಬಿದ್ದೈತಿ. ಸಾಕ್ಷಿ ಬೇಕಂತಿದ್ದೆಲ್ಲಾ?"

"ಗೀರು ಬಿದ್ದದ್ದೆಲ್ಲಾ ಮುರೀತೈತೇನ ಮಾಮಾ? ನನ್ನ ಸ್ಕೂಟರ್ ಮೈತುಂಬ ಗೀರು ಐತಿ, ದಿನಾ ಕಾಲೇಜಿಗೆ ಒಯ್ಯಾಕ ಹತ್ತಿಲ್ಲೇನ? ನಿನ್ನ ಮಾತು ಖರೇ ಇದ್ರ ಒಂದ ಫ್ಯಾನಿಗೆ ಏನೂ ಮಾಡಬ್ಯಾಡ, ಹಂಗ ಬಿಡು. ಮುರೀತದೋ ಇಲ್ಲೋ ನೋಡೂಣು."

"ನಿಮ್ಮ ಆಯಿಗೆ ಜ್ವರಾ ಬಂದಾಗ ಗುಳಿಗಿ ಕೊಡದ ಬಿಟ್ಟು ನೋಡೂಣೇನ ಹಂಗಾರ?"

"ನಿಮ್ಮ ಜಗಳದಾಗ ನನ್ನ ಯಾಕ ಕೊಲ್ತೀರೋ!" ಎಂದು ಒಳಗಿನಿಂದ ಆಯಿ ಕೂಗಿದಳು. ಆಯಿ ಎಂದರೆ ಮಾಮಾನ ತಾಯಿ, ನನ್ನ ಅಜ್ಜಿ. ಚರ್ಚೆ ಅಲ್ಲಿಗೆ ಮುಗಿಯಿತು. ತೀರ್ಪು ಮಾತ್ರ ಬರಲಿಲ್ಲ.

ಈ ಮನುಷ್ಯ ಕಚೇರಿಯ ಕೆಲಸವನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ನನಗೇನೂ ತಕರಾರಿರಲಿಲ್ಲ. ಅವನ ಹತ್ತಿರ ಸ್ವಂತದ್ದೊಂದು ಸಣ್ಣ ಸಾಮಾನಿದೆ. ಮುಂದೆ ನಡುಕ ಹಿಡಿಯುವ ಗುಂಡು, ನಡುವೆ ತಂತಿ, ತುದಿಗೆ ಅಂಗೈಯಗಲದ ಪರದೆ. ಡಾಕ್ಟರರು ಕೊರಳಿಗೆ ಹಾಕಿಕೊಳ್ಳುವುದನ್ನು ಇವನು ಹೆಗಲ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಾನೆ. ಒಂದು ದಿನ ಅವ್ವ ಗುರೆಳ್ಳು ಚಟ್ನಿಪುಡಿ ಮಾಡುತ್ತಿದ್ದಾಗ ಮಿಕ್ಸರಿಗೆ ಅದನ್ನು ಹಚ್ಚಿ, ಮುಖ ಬಾಡಿಸಿಕೊಂಡು ನಿಂತ.

"ಅಕ್ಕಾ, ಧೈರ್ಯ ತಗೋ. ಇದು ದೀಪಾವಳಿ ನೋಡೂದಿಲ್ಲ."

"ಮಿಕ್ಸರ್ ಹೋದ್ರ ಹೋಗಲೋ, ಮೊದಲ ನೀ ಅಡಿಗಿಮನಿಯಿಂದ ಹೊರಗ ಹೋಗು!"

ಆ ಮಿಕ್ಸರು ದೀಪಾವಳಿ ನೋಡಿತು, ಸಂಕ್ರಾಂತಿ ನೋಡಿತು, ಯುಗಾದಿಯ ಹೊತ್ತಿಗೆ ಹೊಸ ಹುರುಪಿನಿಂದ ಹೂರಣವನ್ನೂ ರುಬ್ಬಿಕೊಟ್ಟಿತು. ನಾನು ಗೆದ್ದೆನೆಂದು ಕುಣಿಯುತ್ತ ಹೋದರೆ ಮಾಮಾ ಶಾಂತವಾಗಿ ಹೇಳಿದ: "ನಾ ಹಂಗ ಅಂದ ಮ್ಯಾಲ ನಿಮ್ಮವ್ವ ಅದಕ್ಕ ಅರ್ಧ ಅರ್ಧ ಹಾಕಾಕ ಹತ್ಯಾಳ. ಭಾರ ಕಡಿಮಿ ಆತು, ಬದುಕೇತಿ." ನೋಡಿದಿರಾ? ಬಿರುಕೇ ಇಲ್ಲ!

ಇನ್ನೊಮ್ಮೆ ಇಬ್ಬರೂ ನವಲಗುಂದಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಮಾಮಾ ಕಿಟಕಿಯ ಕಂಬಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ಕುಳಿತಿದ್ದ. ಪಕ್ಕದ ಸೀಟಿನ ಮುದುಕಿ ಧ್ಯಾನವಿರಬೇಕೆಂದು ಕೈಮುಗಿದಳು. ಇದ್ದಕ್ಕಿದ್ದಂತೆ ಎದ್ದು ಡ್ರೈವರನ ಹತ್ತಿರ ಹೋದ.

"ಅಣ್ಣಾರ, ಹಿಂದಿನ ಎಡಗಡೆ ಗಾಲಿ ಬೇರಿಂಗ್ ಹೊಂಟೈತಿ. ಗಾಡಿ ನಿಲ್ಲಸ್ರಿ."

"ನಿಮಗ ಇಳೀಬೇಕೇನ್ರಿ?"

"ಗಾಡಿ ನಿಲ್ಲಬೇಕ್ರಿ."

"ಗಾಡಿ ನಿಂದ್ರೂದು ನವಲಗುಂದದಾಗ್ರಿ. ನಿಮಗ ಇಳೀಬೇಕಂದ್ರ ಇಲ್ಲೇ ಇಳಿಸ್ತೇನಿ."

ಮಾಮಾ ಸಿದ್ಧಾಂತವನ್ನು ಬಿಡುವವನಲ್ಲ, ಇಳಿದೇಬಿಟ್ಟ! ನಾನು ಇಳಿಯಲಿಲ್ಲ, ನನಗೂ ಸಿದ್ಧಾಂತವಿದೆ. ಬಸ್ಸು ನೆಟ್ಟಗೆ ನವಲಗುಂದ ಮುಟ್ಟಿತು. ಎಷ್ಟೋ ಹೊತ್ತಿನ ಮೇಲೆ ಹತ್ತಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಕೂತು, ಮೈತುಂಬ ಹತ್ತಿಯ ಎಳೆ ಮೆತ್ತಿಕೊಂಡು ಮಾಮಾ ಬಂದ. "ಈಗೇನಂತಿ?" ಎಂದೆ. ಮೀಸೆಯಿಂದ ಹತ್ತಿ ತೆಗೆಯುತ್ತ ಅಂದ: "ನಾ ಇಳದ್ನೆಲ್ಲಾ, ಭಾರ ಕಡಿಮಿ ಆತು. ಅದಕ್ಕ ಮುಟ್ಟೇತಿ."

ಅವನು ಮಾಡಿದ್ದಕ್ಕೆ ಸಾಕ್ಷಿ ಇಲ್ಲವೆಂದು ನಾನು ಒದ್ದಾಡುತ್ತಿದ್ದರೆ, ಮಾಡದೇ ಇದ್ದದ್ದರ ಕೀರ್ತಿಯೂ ಅವನಿಗೇ ಬಂತು. ಅದೂ ಕೇಳಿ. ಫ್ಯಾನುಗಳು ಮೋಡ ಓಡಿಸುತ್ತವೆ ಎಂಬುದು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಗಟ್ಟಿ ನಂಬಿಕೆ. ಹೆಸರುಕಾಳು ಬಿತ್ತಿ ಮುಗಿಲು ನೋಡುವ ದಿನಗಳಲ್ಲಿ ರೈತರು ಮಾಮಾನನ್ನು ಅಡ್ಡಗಟ್ಟಿದರು.

"ಸಾಹೇಬ್ರ, ಒಂದೀಟು ಬಂದ್ ಮಾಡ್ರಿ ಅವನ್ನ. ಬಂದ ಮೋಡಾ ಎಲ್ಲಾ ಆ ಕಡೆ ಹಾರಸಾಕ ಹತ್ಯಾವು."

"ಯಪ್ಪಾ, ಅವು ಗಾಳಿ ಬಿಡೂದಿಲ್ಲೋ, ಗಾಳಿ ತಗೋತಾವು!"

"ಹಂಗಾರ ನಮ್ಮ ಮಳಿ ಗಾಳೀನೂ ಅವ ತಗೊಂಡಾವ ಅನ್ರಿ!"

ಈ ತರ್ಕಕ್ಕೆ ನಾನೇ ಎದ್ದು ಚಪ್ಪಾಳೆ ತಟ್ಟಬೇಕೆಂದಿದ್ದೆ. ಆದರೆ ಮರುದಿನವೇ ಮಾಮಾ ತನ್ನ ಗೆರೆಯಲ್ಲಿ ಗುಡ್ಡ ಕಂಡು ಆ ಹೊಲದ ಫ್ಯಾನನ್ನೇ ನಿಲ್ಲಿಸಬೇಕೆ? ಸಂಜೆಗೆ ಧೋ ಎಂದು ಮಳೆ ಸುರಿಯಬೇಕೆ? ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ತೆಂಗಿನಕಾಯಿ, ಹೂವಿನ ಹಾರ, ಒಂದು ಚೀಲ ಜೋಳ! ಮಾಮಾ ಹಾರ ಹಾಕಿಸಿಕೊಂಡು ಅಪಮಾನವಾದವನಂತೆ ನಿಂತಿದ್ದ. "ಬೇರಿಂಗ್ ಸಲವಾಗಿ ನಿಲ್ಲಸೇನಿ, ಬೇರಿಂಗ್ ಸಲವಾಗಿ!" ಎಂದು ಗೋಗರೆದರೂ ಯಾರೂ ಕೇಳಲಿಲ್ಲ. ನಾನು ಆ ಹಾರಕ್ಕೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ. ಸಾಕ್ಷಿಯಿಲ್ಲದ ಕೀರ್ತಿ ಎಷ್ಟು ಭಾರವಿರುತ್ತದೆಂದು ಅವನಿಗೂ ಸ್ವಲ್ಪ ತಿಳಿಯಲಿ!

ಇಂಥ ಮನುಷ್ಯನಿಗೆ ಹೆಣ್ಣು ಕೊಡುವವರು ಯಾರು? ನಲವತ್ತು ಹತ್ತಿರ ಬಂದರೂ ಮಾಮಾನ ಮದುವೆಯಾಗಿರಲಿಲ್ಲ. ಅವ್ವನಿಗೂ ಆಯಿಗೂ ಇದ್ದದ್ದು ಅದೊಂದೇ ಚಿಂತೆ. ಅವನಿಗೆ ಸಂಬಳವಿತ್ತು, ರೂಪವಿತ್ತು, ಚಟವಿರಲಿಲ್ಲ. ಕನ್ಯೆ ನೋಡಲು ಹೋದಲ್ಲೆಲ್ಲ ಏನೋ ಒಂದು ಆಗುತ್ತಿತ್ತು. ಮಿಶ್ರಿಕೋಟಿಯಲ್ಲಿ ಹಿರಿಯರು, "ಹುಡುಗೀಗೆ ಏನರ ಕೇಳೂದಿದ್ರ ಕೇಳ್ರಿ" ಎಂದಾಗ ಇವನು ಬಹಳ ವಿನಯದಿಂದ ಕೇಳಿದ್ದು: "ಈ ಮ್ಯಾಲಿನ ಫ್ಯಾನ್ ಎಷ್ಟ ದಿನದಿಂದ ಹಿಂಗ ಬಡ್ಯಾಕ ಹತ್ತೇತ್ರಿ?"

ಆಮೇಲೆ ಗುಡಗೇರಿಯ ಸಂಬಂಧ ಬಂತು. ಹುಡುಗಿಯ ತಂದೆ ಸುತ್ತಲ ಹಳ್ಳಿಗಳಿಗೆ ಮದುವೆಯ ಮಂಟಪ, ಲೈಟು, ಜನರೇಟರು ಬಾಡಿಗೆಗೆ ಕೊಡುವವನು. ಈ ಸಲ ಅವ್ವ ಎಚ್ಚರಿಕೆ ವಹಿಸಿದಳು. ಹೊರಡುವ ಮುನ್ನ ಮಾಮಾನ ಹೆಗಲ ಚೀಲ ಕಸಿದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

"ಇವತ್ತ ಒಂದ ದಿನಾ ಮನಶ್ಯಾರ ಮಾರಿ ನೋಡು ತಮ್ಮಾ, ನಿನ್ನ ಕಾಲಿಗೆ ಬೀಳ್ತೇನಿ."

ಗುಡಗೇರಿಯಲ್ಲಿ ಎಲ್ಲ ಚಂದವಾಗಿಯೇ ಶುರುವಾಯಿತು. ಶಿರಾ, ಉಪ್ಪಿಟ್ಟು, ಚಹಾ ಆದವು. ಹುಡುಗಿ ಬಂದು ಮಣೆಯ ಮೇಲೆ ಕುಳಿತಳು. ತಲೆ ತಗ್ಗಿಸಲಿಲ್ಲ, ಆರಾಮವಾಗಿ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ನನಗೆ ಅಲ್ಲೇ ಅವಳು ಹಿಡಿಸಿದಳು. ಅವ್ವ ಉಡಿ ತುಂಬಲೆಂದು ಚೀಲಕ್ಕೆ ಕೈಹಾಕಿ ಕುಬಸದ ಖಣ ತೆಗೆದಳು, ಎಲೆ ಅಡಿಕೆ ತೆಗೆದಳು, ತೆಂಗಿನಕಾಯಿ ಎಳೆದಳು. ಅದರ ಜೊತೆಗೇ ಮಾರುದ್ದದ ಒಂದು ಕರಿ ತಂತಿ ಹೊರಬಂತು! ಟ್ರಂಕಿನಲ್ಲಿ ಕೀಲಿ ಬಿದ್ದದ್ದು ಖಾಲಿ ಚೀಲಕ್ಕೆ. ಮಾಮಾ ಮೊದಲೇ ಬಚ್ಚಿಟ್ಟಿದ್ದ ಸಾಮಾನು ಅವ್ವನ ಚೀಲದಲ್ಲೇ, ಉಡಿಯ ಕೆಳಗೆ ಸವಾರಿ ಬಂದಿತ್ತು. ಅವ್ವನ ಮುಖ ನೋಡುವಂತಿತ್ತು. ಬಂಧುಗಳೊಬ್ಬರು, "ಇದೇನ್ ಹೊಸಾ ಪದ್ಧತಿ ಏನ್ರಿ?" ಎಂದರು.

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಅದೃಷ್ಟ ನೋಡಿ!

ಹುಡುಗಿ ಮಣೆಯಿಂದ ಎದ್ದು, ಸೆರಗು ಸಿಕ್ಕಿಸಿ, "ಒಂದ ನಿಮಿಷರಿ" ಎಂದು ಹಿತ್ತಲಿಗೆ ನಡೆದಳು. ಜನರೇಟರಿನ ಕೆಲಸವೆಲ್ಲ ಅವಳದೇ. ಮದುವೆಗಳಿಗೆ ಅದರ ಜೊತೆ ಹೋಗಿ ನಡೆಸುವವಳೂ ಅವಳೇ. ಅದು ಗುಡುಗುಡು ಎಂದದ್ದೇ ತಡ, ಮಾಮಾ ಉಪ್ಪಿಟ್ಟಿನ ತಾಟು ಬಿಟ್ಟು, ತಂತಿ ಹಿಡಿದು ಹಿಂದೆಯೇ ಓಡಿದ. ನಾನೂ ಓಡಿದೆ. ಶೆಡ್ಡಿನೊಳಗೆ ಕತ್ತಲು. ಅವಳು ಪಕ್ಕದಲ್ಲಿ ನಿಂತು ಮೊಬೈಲಿನ ಬೆಳಕು ಹಿಡಿದಳು, ಇವನು ಗುಂಡನ್ನು ಯಂತ್ರಕ್ಕೆ ಒತ್ತಿ ಪರದೆ ನೋಡಿದ. ದೊಡ್ಡದೊಂದು ಗುಡ್ಡ!

"ಬಂದ್ ಮಾಡ್ರಿ. ಇದರ ಬೇರಿಂಗ್ ಹೋಗೇತಿ."

ಅವಳ ತಂದೆ ಬಾಗಿಲಲ್ಲಿ ನಿಂತಿದ್ದ. "ನಾಡದು ಕುಂದಗೋಳದಾಗ ಮದವಿಗೆ ಹೊಂಟೈತ್ರಿ ಇದು!"

"ಕಳಸಬ್ಯಾಡ್ರಿ. ಅಕ್ಕಿಕಾಳ ಹಾಕೂ ಹೊತ್ತಿನಾಗ ನಿಂತ್ರ ಏನ್ ಮಾಡ್ತೀರಿ?"

ಶುಭಕಾರ್ಯಕ್ಕೆಂದು ಕೂಡಿದ ಮನೆಯಲ್ಲಿ ಇಂಥ ಮಾತು! ಹಿರಿಯರೆಲ್ಲ ಎದ್ದು ನಿಂತರು. ಹುಡುಗಿಯ ತಂದೆ ಕೈಮುಗಿದು, "ನೀವು ನಮ್ಮ ಮಗಳನ್ನ ನೋಡಾಕ ಬಂದೀರೋ, ಜನರೇಟರ್ ನೋಡಾಕ ಬಂದೀರೋ? ದಯಮಾಡಿ ಹೋಗ್ಬರ್ರಿ" ಎಂದ.

ಮರಳುವಾಗ ಅವ್ವ ದಾರಿಯುದ್ದಕ್ಕೂ ಅತ್ತಳು. ಆಯಿ ಬೈದಳು. ಬಾಡಿಗೆ ಕಾರಿನ ಯಾವುದೋ ಗಾಲಿ ಗುಡಗೇರಿಯಿಂದ ಬಡಿಯುತ್ತಲೇ ಇತ್ತು. ನನಗೇ ಸ್ಪಷ್ಟವಾಗಿ ಕೇಳುತ್ತಿತ್ತು. ಮಾಮಾ ಅದರ ಬಗ್ಗೆ ಒಂದಕ್ಷರ ಆಡಲಿಲ್ಲ. ಈ ಹುಡುಗಿ ಇವನಿಗೆ ಬೇಕಾಗಿದ್ದಳು. ಅದನ್ನು ಸಾಬೀತುಪಡಿಸಲು ನನಗೆ ಬೇರೆ ಯಂತ್ರ ಬೇಕಾಗಲಿಲ್ಲ.

ಕುಂದಗೋಳದ ಆ ಮದುವೆಯೆಲ್ಲ ಮುಗಿದ ಮೇಲೆ ಹುಡುಗಿಯೇ ನನಗೆ ಫೋನು ಮಾಡಿದಳು. ನನ್ನ ನಂಬರನ್ನು ಕನ್ಯೆ ನೋಡಲು ಹೋದ ದಿನ ಅಡುಗೆಮನೆಯಲ್ಲೇ ತೆಗೆದುಕೊಂಡಿದ್ದಳು.

"ಅಪ್ಪನ ಕೂಡ ಜಗಳಾ ಮಾಡಿ ನಮ್ಮದನ್ನ ಕಳಸಲಿಲ್ಲರಿ, ಬ್ಯಾರೇದವರದು ತಂದು ಮದವಿ ಸುಧಾರಿಸಿದ್ವಿ. ಆಮ್ಯಾಲ ಬೇರಿಂಗ್ ಬಿಚ್ಚಿ ನೋಡಿದ್ವಿ. ಅಗದೀ ಕನ್ನಡಿ ಹಂಗ ಐತ್ರಿ. ಒಂದ ಗೀರು ಇಲ್ಲ."

ಒಂದು ಗೀರೂ ಇಲ್ಲ! ಕೇಳಿದಿರಾ? ನಾನು ಕಾದು ಕುಳಿತ ಬಿರುಕು! ಮಾಮಾನ ತಪ್ಪು, ಬಿಚ್ಚಿ ಟೇಬಲ್ಲಿನ ಮೇಲೆ ಇಟ್ಟ ತಪ್ಪು! ಪಡಸಾಲೆಗೆ ಓಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಭಾರ ಕಡಿಮೆ ಆಯಿತು ಎನ್ನುತ್ತಾನೆಂದು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಮಾಮಾ ವಾದಿಸಲೇ ಇಲ್ಲ. "ಖರೇನ?" ಎಂದಷ್ಟೇ ಕೇಳಿ, ಪರದೆ ತೆಗೆದು ಆ ದಿನದ ಗೆರೆಯನ್ನು ಬಹಳ ಹೊತ್ತು ನೋಡಿದ. ಅವನ ಕಿವಿಗಳು ನಿಧಾನವಾಗಿ ಕೆಂಪಾದವು.

"ಗುಡಗೇರಿಗೆ ಹೋಗಿ ತಪ್ಪಾತು ಅಂತ ಹೇಳಿ ಬರಬೇಕು" ಎಂದ. "ನೀನೂ ಬಾ. ನನಗ ಮಾತಾಡಾಕ ಬರೂದಿಲ್ಲ."

ಗೆದ್ದವಳು ನಾನು. ಆದರೂ ಗೆದ್ದಂತೆ ಅನಿಸಲಿಲ್ಲ. ಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಯಾವ ಕಡೆ ಬಂದರೆ ಆ ಕಡೆ ವಾದಿಸಿ ಅಭ್ಯಾಸವಿದ್ದವಳು ನಾನು. ಬಸ್ಸಿನಲ್ಲಿ ಕೂತು ಮಾಮಾನ ಪರವಾಗಿ ಭಾಷಣ ಕಟ್ಟಿದೆ: ಎಚ್ಚರಿಕೆ ಕೊಡುವವನು ಶತ್ರುವಲ್ಲ, ಕುಂದಗೋಳದ ಮದುವೆಯಂತೂ ಕೆಡಲಿಲ್ಲ, ಇತ್ಯಾದಿ. ನನಗೇ ಅದರಲ್ಲಿ ಹತ್ತು ತೂತು ಕಾಣುತ್ತಿದ್ದವು.

ಅಂಗಳದಲ್ಲೇ ಹುಡುಗಿಯ ತಂದೆ ಎದುರಾದ.

"ಬರ್ರಿ ಡಾಕ್ಟರ್ ಸಾಹೇಬ್ರ! ನೀವು ಸತ್ತಾನ ಅಂದ ರೋಗಿ ಎದ್ದು ಕುಂತಾನ, ಮಾತಾಡಸ್ರಿ ಬರ್ರಿ!"

ನಾನು ಗಂಟಲು ಸರಿಮಾಡಿಕೊಂಡೆ. ನನ್ನ ಮೊದಲ ವಾಕ್ಯಕ್ಕೂ ಮುಂಚೆ ಮಾಮಾ ಹೇಳಿಬಿಟ್ಟ: "ತಪ್ಪು ನಂದರಿ. ಇದರ ಗುಂಡನ್ನ ಮಶೀನಿಗೆ ಅಯಸ್ಕಾಂತದ್ಲೆ ಅಂಟಸಬೇಕ್ರಿ, ಕೈಯಾಗ ಹಿಡೀಬಾರದು. ಅವತ್ತ ಗಡಿಬಿಡಿಯಾಗ ಕೈಲೇ ಒತ್ತಿ ಹಿಡದೆ. ಕೈ ನಡುಗಿತು. ನಾ ನೋಡಿದ ಗುಡ್ಡಾ ನಿಮ್ಮ ಜನರೇಟರದ್ದು ಅಲ್ಲರಿ, ನಂದು."

ಹುಡುಗಿಯ ತಂದೆ ಒಂದು ಹೆಜ್ಜೆ ಹಿಂದೆ ಸರಿದು ಮಾಮಾನನ್ನು ಮೇಲಿನಿಂದ ಕೆಳಗೆ ನೋಡಿದ. "ಅಂದ್ರ ನಿಮಗ ನಡುಕದ ರೋಗ ಐತೇನ್ರಿ?"

ದೇವರೇ! ಕೆಟ್ಟ ಸಂಬಂಧವನ್ನು ಸರಿಮಾಡಲು ಬಂದು ವರನಿಗೆ ರೋಗವನ್ನೂ ಅಂಟಿಸಿಕೊಂಡೆವು! "ಇಲ್ರಿ, ಇಲ್ರಿ" ಎಂದು ನಾನು ಮುಂದೆ ನುಗ್ಗಿದೆ. "ಅಷ್ಟ ಎತ್ತರದ ಫ್ಯಾನಿನ ತುದಿ ಮ್ಯಾಲ ನಿಂತು ಕೆಲಸಾ ಮಾಡ್ಯಾನ್ರಿ ಇಂವಾ, ಅಲ್ಲೆ ಸುದ್ದಾ ಎಂದೂ ನಡುಗಿಲ್ಲ!"

"ಹಂಗಾರ ನಮ್ಮ ಶೆಡ್ಡಿನಾಗ ಯಾಕ ನಡುಗಿತರಿ?"

ಕೇಳಿದ್ದು ಹುಡುಗಿ. ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಎಣ್ಣೆ ಒರೆಸುವ ಅರಿವೆ. ಯಾವ ತೀರ್ಪುಗಾರರೂ ನನಗೆ ಅಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅದು ನಾನು ಕೊಡುವ ಉತ್ತರವಾಗಿರಲಿಲ್ಲ. ಮಾಮಾ ತನ್ನ ಎರಡೂ ಕೈಗಳನ್ನು, ಯಾರದೋ ಸಾಮಾನು ತಪ್ಪಿ ತನ್ನ ಹತ್ತಿರ ಉಳಿದಂತೆ, ನೋಡುತ್ತ ನಿಂತ. ಕಿವಿ ಮತ್ತೆ ಕೆಂಪಾದವು. ಹುಡುಗಿ ಆ ಕಿವಿಗಳನ್ನು ನೋಡಿದಳು. ಆಮೇಲೆ ನಕ್ಕಳು. ಅಪಹಾಸ್ಯದ ನಗೆಯಲ್ಲ ಅದು.

"ಅಪ್ಪಾ, ಅದು ರೋಗ ಅಲ್ಲ, ಬಿಡು" ಎಂದು ಶೆಡ್ಡಿನ ಕಡೆ ನಡೆದಳು. "ಚಾಲೂ ಮಾಡ್ತೇನ್ರಿ. ಈ ಸಲ ಅಂಟಿಸಿ ನೋಡ್ರಿ."

ಜನರೇಟರು ಗುಡುಗಿತು. ಮಾಮಾ ಮೊಣಕಾಲೂರಿ ಕುಳಿತು ಗುಂಡನ್ನು ಅಂಟಿಸಿ ಕೈ ಬಿಟ್ಟ. ಅವಳು ಎದುರಿಗೆ, ಯಂತ್ರದ ಆ ಬದಿಗೆ ಕುಳಿತಿದ್ದಳು. ಪರದೆಯ ಮೇಲೆ ಗೆರೆ ಎರೆಹೊಲದಂತೆ ಸಪಾಟಾಗಿ ಮಲಗಿತ್ತು. ಅದು ಮಾಮಾನ ಬೆನ್ನ ಹಿಂದೆ ನಿಂತ ನನಗೂ ಕಾಣುತ್ತಿತ್ತು.

"ಏನಂತೈತ್ರಿ?" ಎಂದು ಅವಳ ತಂದೆ ಸದ್ದಿನ ಮೇಲೆ ಕೂಗಿ ಕೇಳಿದ.

"ಅಗದೀ ಆರಾಮ ಐತ್ರಿ" ಎಂದ ಮಾಮಾ.

ಅವನು ಪರದೆಯ ಕಡೆ ತಿರುಗಿಯೂ ನೋಡಿರಲಿಲ್ಲ, ಎದುರಿಗೆ ಕುಳಿತವಳನ್ನೇ ನೋಡುತ್ತಿದ್ದ. ನಾನು ಸಾಕ್ಷಿ ಕೇಳಲಿಲ್ಲ.